ದಣಿವಿನ ಪಟ್ಟಿಯುಳ್ಳ ಕುದುರೆಗೆ, ಸ್ಟೂಲಿಲ್ಲದವರ ದೂರು

ಮಾನ್ಯ ಸಿಡಿಲು ಅವರ ಘನ ಗೊರಸುಗಳ ಸನ್ನಿಧಾನಕ್ಕೆ,

ಮಾನ್ಯರೇ,

ದೊಡ್ಡ ಲಾಂಡ್ರಿಯೊಂದರ ಇಸ್ತ್ರಿ ವಿಭಾಗದಲ್ಲಿ, ಏಳನೆಯ ಮೇಜಿನ ಮುಂದೆ ನಿಂತು, ಹೋಟೆಲುಗಳ ಬೆಡ್‌ಶೀಟುಗಳ ಸುಕ್ಕು ಬಿಡಿಸುವ ನಾನು, ನನ್ನ ಜೊತೆಯ ಇಪ್ಪತ್ತೊಂದು ಹೆಂಗಸರ ಪರವಾಗಿ ತಮಗೆ ತಲೆಬಾಗಿ ಬರೆದುಕೊಳ್ಳುವುದೇನೆಂದರೆ, ಇತ್ತ ನಾವು ನಿಂತಿದ್ದೇವೆ. ಅತ್ತ ತಾವು ಕ್ಷೇಮವಾಗಿರುವಿರಾ ಎಂದು ಕೇಳುವ ಅಗತ್ಯವಿಲ್ಲ, ಯಾಕೆಂದರೆ ತಮ್ಮ ಕ್ಷೇಮಸಮಾಚಾರವನ್ನು ನಮ್ಮ ಮೇಸ್ತ್ರಿಗಳು ದಿನಾ ಬೆಳಿಗ್ಗೆ ಅವರ ಕೋಣೆಯ ಗಾಜಿನ ಮೇಲೆ ಅಂಟಿಸುತ್ತಾರೆ. ಈ ಪತ್ರವನ್ನೂ ನಿಂತೇ ಬರೆಯುತ್ತಿರುವುದರಿಂದ ಅಕ್ಷರಗಳು ಅಲ್ಲಲ್ಲಿ ಕುಸಿದಿದ್ದರೆ ಮನ್ನಿಸಬೇಕು. ಕುಸಿಯುವ ಹಕ್ಕು ಸದ್ಯಕ್ಕೆ ಅಕ್ಷರಗಳಿಗೆ ಮಾತ್ರ ಇದೆ.

ತಾವು ಯಾರೆಂದು ತಿಳಿಯದ ಓದುಗರಿಗಾಗಿ ಒಂದೆರಡು ಮಾತು. ತಾವು ಮೇಸ್ತ್ರಿಗಳ ಮೊಬೈಲಿನೊಳಗೆ ಓಡುವ ಆನ್‌ಲೈನ್ ಆಟದ ರೇಸುಕುದುರೆ. ತಮಗೆ ರಕ್ತವಿಲ್ಲ, ಮಾಂಸವಿಲ್ಲ, ಬೆವರೆಂಬ ನೀಚ ವಸ್ತುವಿನ ಸೋಂಕು ಮೊದಲೇ ಇಲ್ಲ. ಆದರೆ ತಮ್ಮ ತಲೆಯ ಮೇಲೆ ದಣಿವಿನ ಪಟ್ಟಿಯೊಂದಿದೆ. ತಾಜಾ ಇದ್ದಾಗ ಹಸಿರು, ಬಳಲಿದಾಗ ಹಳದಿ, ಸಾಕಾದಾಗ ಕೆಂಪು. ಕೆಂಪಾದ ಕೂಡಲೇ ಪರದೆಯ ಮೇಲೆ ಮೂಡುತ್ತದೆ: "ನಿಮ್ಮ ಕುದುರೆ ದಣಿದಿದೆ. ಈಗ ಓಡಿಸಿದರೆ ಕಾಲು ಉಳುಕಬಹುದು. ದಯವಿಟ್ಟು ವಿಶ್ರಾಂತಿ ನೀಡಿ." ಆ 'ದಯವಿಟ್ಟು' ಎಂಬ ಪದವನ್ನು ನಾವು ನಮ್ಮ ಲಾಂಡ್ರಿಯ ಗೋಡೆಗಳಲ್ಲೆಲ್ಲ ಹುಡುಕಿದೆವು. ಒಂದೇ ಕಡೆ ಸಿಕ್ಕಿತು: 'ದಯವಿಟ್ಟು ಗೋಡೆಗೆ ಒರಗಬೇಡಿ.'

ಮೇಸ್ತ್ರಿಗಳ ಗಾಜಿನ ಮೇಲೆ ಎರಡು ಹಾಳೆಗಳಿವೆ. ಎಡಗಡೆಯದು ತಮ್ಮ ತರಬೇತಿಯದು: ಮೂರು ವಾರ ಗಟ್ಟಿ ಓಟ, ಒಂದು ವಾರ ಬಿಡುವು, ಆಮೇಲೆ ದಮ್ಮು ಹೆಚ್ಚಲು ದಿಬ್ಬದ ಓಟ, ಕಾಲು ನೊಂದರೆ ಈಜು, ರೇಸಾದ ಮೇಲೆ ಎರಡು ವಾರ ಹುಲ್ಲುಗಾವಲು. ಬಲಗಡೆಯದು ನಮ್ಮ ಪಾಳಿಯದು. ಎರಡೂ ಒಂದೇ ಕೈಬರಹ, ಒಂದೇ ಕೆಂಪು ಶಾಯಿ. ವ್ಯತ್ಯಾಸ ಇಷ್ಟೇ, ತಮ್ಮ ಹಾಳೆಯಲ್ಲಿ ಖಾಲಿ ಚೌಕಗಳಿವೆ, ನಮ್ಮ ಹಾಳೆಯಲ್ಲಿ ಇಲ್ಲ. ಇಂಥ ಬುದ್ಧಿವಂತರು, ಓಡುವ ಜೀವಕ್ಕೆ ಯಾವಾಗ ಏನು ಬೇಕೆಂದು ಅಂಗೈ ಗೆರೆಯಂತೆ ಬಲ್ಲವರು, ಕತ್ತನ್ನು ಒಂದು ಗೇಣು ಬಲಕ್ಕೆ ತಿರುಗಿಸಿದ ಕೂಡಲೇ ಎಲ್ಲವನ್ನೂ ಮರೆಯುತ್ತಾರಲ್ಲ, ಆ ಕತ್ತಿಗೆ ಯಾವ ವೈದ್ಯರನ್ನು ಕರೆಸಬೇಕು, ತಾವೇ ಹೇಳಬೇಕು.

ತಮ್ಮ ಮೇಲಿನ ಅವರ ಪ್ರೀತಿಯನ್ನು ನಾವು ಕಣ್ಣಾರೆ ಕಂಡವರು. ಮೊಬೈಲು ಹಿಡಿದು ಮೇಜುಗಳ ನಡುವೆ ನಡೆಯುತ್ತಿರುವಾಗ ತಮ್ಮ ಪಟ್ಟಿ ಕೆಂಪಾಯಿತೆನ್ನಿ, ಆ ಗಂಟು ಮುಖ ಬೆಣ್ಣೆಯಾಗಿ, "ಸಾಕು ಸಾಕು, ಸುಧಾರಿಸ್ಕೊ ರಾಜ" ಎಂದು ಬಾಯಿಬಿಟ್ಟು ಹೇಳಿ ಗುಂಡಿ ಒತ್ತುತ್ತಾರೆ. ಮೊದಲ ಸಲ ಅದನ್ನು ಕೇಳಿ ಮೂರನೆಯ ಮೇಜಿನವಳು ತನಗೇ ಹೇಳಿದರೆಂದು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. ಅವಳಿಗೆ ಅರ್ಧ ದಿನದ ಕೂಲಿ ಕತ್ತರಿಸಿದರು.

ನಮ್ಮ ವಿಭಾಗದಲ್ಲಿ ಮೊದಲು ಸ್ಟೂಲುಗಳಿದ್ದವು. ಎರಡು ವರ್ಷದ ಹಿಂದೆ 'ಕೂತ ಕೈ ನಿಧಾನ' ಎಂಬ ಮಹಾಸತ್ಯ ಮಾಲೀಕರಿಗೆ ಹೊಳೆದು, ಮೇಸ್ತ್ರಿಗಳು ಅವನ್ನೆಲ್ಲ ಎತ್ತಿಸಿ ಬಾಯ್ಲರಿನ ಹಿಂದೆ ಒಟ್ಟಿಸಿದರು. ಅಂದಿನಿಂದ ಒಂಬತ್ತು ಗಂಟೆ ನಿಲ್ಲುತ್ತೇವೆ. ನನ್ನ ಪಕ್ಕದ ಎಂಟನೆಯ ಮೇಜಿನಲ್ಲಿ ನನ್ನ ಅಣ್ಣನ ಹೆಂಡತಿ, ಅಂದರೆ ಅತ್ತಿಗೆ, ದಿಂಬಿನ ಕವರುಗಳನ್ನು ತೀಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವರ ಎಡಗಾಲಿನ ಹರಡು ಊದಿಕೊಂಡು, ಸಂಜೆ ಚಪ್ಪಲಿಯ ಪಟ್ಟಿ ಕೂಡಿಸಲಾಗದೆ, ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮನೆಗೆ ನಡೆಯುತ್ತಾರೆ. ಹೀಗೇ ನಿಂತರೆ ಆ ಕಾಲು ಒಂದು ದಿನ ಮಾತು ಕೇಳುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ನಿಲ್ಲಲಾಗದವರಿಗೆ ಇಲ್ಲಿ ಕೆಲಸವಿಲ್ಲವೆಂದು ಮೇಸ್ತ್ರಿಗಳು ಹೇಳಿದ್ದಾರೆ. ನಮಗೆ ಬೇಕಿದ್ದದ್ದು ಸಿಂಹಾಸನವಲ್ಲ ಮಾನ್ಯರೇ, ಸ್ಟೂಲು. ಮೂರು ಕಾಲಿನದಾದರೂ ಸರಿ.

ಎಲ್ಲರೂ ಬೆರಳೊತ್ತಿ ಮನವಿ ಕೊಟ್ಟೆವು. ಮೇಸ್ತ್ರಿಗಳು ಓದಿ, ಮಡಚಿ, ತಮ್ಮ ಅಲುಗಾಡುವ ಮೇಜಿನ ಕಾಲಡಿ ಇಟ್ಟರು. ಮೇಜಿನ ಕಾಲಿಗಾದರೂ ನಮ್ಮ ಮನವಿಯಿಂದ ನೆಮ್ಮದಿ ದೊರೆಯಿತು. ನಾವು ಬಾಗಿಲಲ್ಲೇ ನಿಂತಿರುವುದನ್ನು ಕಂಡು, ಮೊಬೈಲಿನಲ್ಲಿ ತಮ್ಮನ್ನು ತೋರಿಸಿ ನಕ್ಕು, "ನಿಮ್ಮ ಬಾಯ್ಲರ್ ಮಾಮನ ಹತ್ರನೂ ಕುದ್ರೆ ಇದೆಯಂತಲ್ಲ? ಅದು ನನ್ನ ಸಿಡಿಲನ್ನ ಒಂದೇ ಒಂದು ಸಲ ಸೋಲಿಸ್ಲಿ, ಸ್ಟೂಲು ನಾನೇ ತಲೆ ಮೇಲೆ ಹೊತ್ತು ತರ್ತೀನಿ" ಎಂದರು. ಇಪ್ಪತ್ತೆರಡು ಸಾಕ್ಷಿಗಳ ಮುಂದೆ ಆಡಿದ ಮಾತು. ಹಬೆಯ ಸದ್ದಿನಲ್ಲೂ ನಮ್ಮ ಕಿವಿ ಚುರುಕು.

ಬಾಯ್ಲರ್ ಮಾಮ ಎಂದರೆ ನಮಗೆಲ್ಲ ಹಬೆ ಒದಗಿಸುವ ಹಿರಿಯರು. ಅವರ ಒಡೆದ ಗಾಜಿನ ಮೊಬೈಲಿನಲ್ಲಿ ಒಂದು ಕಂದು ಹೆಣ್ಣುಕುದುರೆ ಇತ್ತು. ಅದಕ್ಕೆ ನಾವೇ ಹೆಸರಿಟ್ಟೆವು: ಕುಂಟುನೆಪ. ಯಾವ ಹೆಂಗಸು ಕಾಲುನೋವೆಂದರೂ ಮೇಸ್ತ್ರಿಗಳ ಬಾಯಿಂದ ಬರುವ ಮೊದಲ ಮಾತು "ಕುಂಟುನೆಪ ಬೇಡ" ಎಂಬುದೇ ಆದ್ದರಿಂದ, ಆ ಹೆಸರು ನಮ್ಮಲ್ಲಿ ಯಾರಿಗೂ ಹೊಸದಲ್ಲ. ರೇಸಿನ ದಿನ ಮೇಸ್ತ್ರಿಗಳ ಮೊಬೈಲೇ 'ಕುಂಟುನೆಪ ಮುನ್ನುಗ್ಗುತ್ತಿದೆ' ಎಂದು ಕೂಗಬೇಕೆಂಬ ಆಸೆಯೂ ಇತ್ತು, ಮುಚ್ಚಿಡುವುದೇಕೆ.

ರೇಸಿಗೆ ಐದು ವಾರ ಇತ್ತು. ಆಟದ ಒಂದು ವಾರವೆಂದರೆ ನಮ್ಮ ಒಂದು ದಿನ. ಮಾಮ ಚೆಂದದ ತಂತ್ರ ಹೂಡಿದರು. ತಾವು ಮೊದಲಿನಿಂದಲೂ ಮುಂದೆಯೇ ಓಡುವ ಜಾತಿ, ಕೊನೆಗೆ ದಮ್ಮು ಕಟ್ಟುತ್ತದೆ. ಕುಂಟುನೆಪ ಹಿಂದೆ ಉಳಿದು, ಗುಂಪಿನ ಒಳಬದಿಯಲ್ಲಿ ಶಕ್ತಿ ಉಳಿಸಿ, ಕೊನೆಯ ತಿರುವಿನಲ್ಲಿ ಹೊರಗೆ ಹಾಯ್ದು ನುಗ್ಗಬೇಕು. ಅದಕ್ಕೆ ಬೇಕಾದಷ್ಟು ದಿಬ್ಬದ ಓಟ. ಊಟದ ಬಿಡುವಿನಲ್ಲಿ ಮೊಬೈಲು ಕೈಯಿಂದ ಕೈಗೆ ಹೋಗಬೇಕು, ದಿನಕ್ಕೊಬ್ಬಳು ತರಬೇತಿ ಒತ್ತಬೇಕು. ಎಲ್ಲ ಸರಿ. ಆದರೆ ಮಾಮ ಒಂದನ್ನು ಮರೆತರು. ದಿನಾ ಒಂಬತ್ತು ಗಂಟೆ ನಿಲ್ಲುವವರ ಕೈಗೆ ಅವರು ವಿಶ್ರಾಂತಿಯ ಗುಂಡಿ ಕೊಟ್ಟಿದ್ದರು!

ಮೊದಲ ದಿನದವಳು ಪಟ್ಟಿ ತುಸು ಹಳದಿಯಾದದ್ದು ನೋಡಿ, ಪಾಪವೆನಿಸಿ, ಗುಟ್ಟಾಗಿ ವಿಶ್ರಾಂತಿ ಒತ್ತಿದಳು. ಎರಡನೆಯವಳು ಅದು ನಿನ್ನೆ ದಿಬ್ಬ ಹತ್ತಿರಬಹುದೆಂದು ತಾನೂ ಒತ್ತಿದಳು. ಮೂರನೆಯ ದಿನ ಅತ್ತಿಗೆಯದು, ಕೇಳಬೇಕೇ. ನಾಲ್ಕನೆಯ ದಿನ ಮಾಮ ಮೊಬೈಲು ತೆರೆದು ನೋಡಿದರೆ ಪರದೆಯ ಮೇಲೆ 'ನಿಮ್ಮ ಕುದುರೆಗೆ ಮೈ ಬಂದಿದೆ' ಎಂದಿತ್ತು. "ಅಯ್ಯೋ ತಾಯಂದಿರಾ, ಇದು ಕುದುರೆಯೋ, ಮದುವೆಗೆ ಬಂದ ಬೀಗಿತ್ತಿಯೋ?" ಎಂದು ಮಾಮ ತಲೆ ತಲೆ ಚಚ್ಚಿಕೊಂಡರು. ಇಪ್ಪತ್ತೆರಡು ಮುಖಗಳೂ ನೆಲ ನೋಡಿದವು. ಸತ್ಯ ಹೇಳಬೇಕೆಂದರೆ, ಆ ಕೊಬ್ಬಿದ ಕುದುರೆಯನ್ನು ನೋಡಿ ನಮಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು. ನಮ್ಮ ಪೈಕಿ ಒಬ್ಬಳಿಗಾದರೂ ಮೈ ಬಂತಲ್ಲ.

ಶನಿವಾರ, ಊಟದ ಬಿಡುವು. ಮೇಸ್ತ್ರಿಗಳು ಗಾಜಿನ ಆಚೆ ಕುರ್ಚಿಯಲ್ಲಿ, ನಾವು ಈಚೆ ಬಟ್ಟೆಗಂಟುಗಳ ನಡುವೆ. ಮೊಬೈಲು ಅತ್ತಿಗೆಯ ಕೈಯಲ್ಲಿ, ನೋಯುವ ಕಾಲು ಯಾರದೋ ಅವರೇ ಹಿಡಿಯಲೆಂದು. ತಾವು ಎಂದಿನಂತೆ ಮುಂದೆ ಹಾರಿದಿರಿ. ನಮ್ಮ ಬೀಗಿತ್ತಿ ಹಿಂದಿನಿಂದ ಎರಡನೆಯವಳು. ತಿರುವಿನಲ್ಲಿ ಹೊರಗೆ ಬಂದಳು ನೋಡಿ, ಮಾಮನ ತಂತ್ರ ಸುಳ್ಳಾಗಲಿಲ್ಲ! ಅಷ್ಟು ಉಂಡು ಮಲಗಿದವಳ ದಮ್ಮೆಲ್ಲ ಇದ್ದಲ್ಲೇ ಇತ್ತು. ಒಂದೊಂದೇ ಕುದುರೆಯನ್ನು ದಾಟಿ ತಮ್ಮ ಬಾಲದ ಹತ್ತಿರ ಬಂದಳು, ಹೊಟ್ಟೆಯ ಹತ್ತಿರ ಬಂದಳು. ಇನ್ನೂರು ಮೀಟರು ಉಳಿದಾಗ ಪರದೆಯ ಮೂಲೆಯಲ್ಲಿ ಕೆಂಪು ಗುಂಡಿಯೊಂದು ಮಿನುಗತೊಡಗಿತು: ಚಾಟಿ.

ಮಾಮ "ಒತ್ತಮ್ಮಾ, ಒತ್ತು!" ಎಂದು ಕೂಗುತ್ತಿದ್ದರು. ಗಾಜಿನ ಆಚೆ ಮೇಸ್ತ್ರಿಗಳ ಹೆಬ್ಬೆರಳು ತಮ್ಮ ಬೆನ್ನ ಮೇಲೆ ಟಪಟಪನೆ ಬೀಳುತ್ತಿತ್ತು. ಅತ್ತಿಗೆಯ ಹೆಬ್ಬೆರಳು ಗುಂಡಿಯ ಮೇಲೆ ಗಾಳಿಯಲ್ಲೇ ನಿಂತಿತ್ತು, ಒತ್ತಲು ಇಳಿಯಲಿಲ್ಲ. ತಾವು ತಲೆಯಷ್ಟು ಅಂತರದಲ್ಲಿ ಗೆದ್ದಿರಿ, ಅಭಿನಂದನೆಗಳು. ಅತ್ತಿಗೆ ಮೊಬೈಲನ್ನು ಮಾಮನ ಕೈಗಿಟ್ಟು, "ಅದು ಓಡ್ತಾನೇ ಇತ್ತಲ್ಲ ಮಾಮ, ಇನ್ನೇನು ಮಾಡ್ಬೇಕಿತ್ತಂತೆ?" ಎಂದರು. ಸ್ಟೂಲು ಹೋಯಿತು. ಆ ಸ್ಟೂಲು ಎಲ್ಲರಿಗಿಂತ ಹೆಚ್ಚು ಬೇಕಿದ್ದದ್ದು ಅವರಿಗೇ. ಮೂರನೆಯ ಮೇಜಿನವಳು, "ಸರಿಯಾಗೇ ಮಾಡ್ದೆ ಬಿಡಕ್ಕ" ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ತಲೆಯಾಡಿಸಿದೆವು. ಮಾಮ ಕೂಡ.

ಸೋಮವಾರ ಎಡಗಡೆಯ ಹಾಳೆಯಲ್ಲಿ ಹೊಸ ಬರಹವಿತ್ತು: 'ಸಿಡಿಲು, ಮುಂಗಾಲು ನೋವು. ಎರಡು ವಾರ ಹುಲ್ಲುಗಾವಲು.' ತಮಗೆ ಬೇಗ ಗುಣವಾಗಲಿ. ಅದೇ ಬೆಳಿಗ್ಗೆ ಅತ್ತಿಗೆ ಊದಿದ ಕಾಲನ್ನು ತೋರಿಸಿ ಅರ್ಧ ದಿನದ ರಜೆ ಕೇಳಿದರು. "ಕುಂಟುನೆಪ ಬೇಡಮ್ಮಾ, ನಿಂತ್ಕೊಳ್ಳೋಕಾಗದಿದ್ರೆ ನಾಳೆಯಿಂದ ಬರ್ಬೇಡಿ" ಎಂಬ ಉತ್ತರ ಬಂತು. ಮುಂಗಾಲಿಲ್ಲದ ತಮ್ಮ ಮುಂಗಾಲಿನ ನೋವು ನಿಜ. ಇರುವ ಕಾಲಿನ ಇರುವ ನೋವು ನೆಪ. ಸೋಲು ನಮಗೆ ಸುಡಲಿಲ್ಲ ಮಾನ್ಯರೇ, ಇದು ಸುಟ್ಟಿತು.

ಬಟ್ಟೆಯ ಕಲೆಗಳಿಗೆ ಗುರುತು ಹಾಕಲು ನಮ್ಮ ಬಳಿ ಬಣ್ಣದ ಸೀಮೆಸುಣ್ಣಗಳಿವೆ. ಎಣ್ಣೆಗೆ ಹಳದಿ, ರಕ್ತಕ್ಕೆ ಕೆಂಪು, ಹರಿದದ್ದಕ್ಕೆ ಹಸಿರು. ಮಂಗಳವಾರ ಪಾಳಿ ಶುರುವಾಗುವ ಮೊದಲು ಇಪ್ಪತ್ತೆರಡು ಮೇಜುಗಳ ಮುಂಭಾಗದಲ್ಲೂ, ಗಾಜಿನ ಕೋಣೆಗೆ ನೆಟ್ಟಗೆ ಕಾಣುವಂತೆ, ತಮ್ಮ ತಲೆಯ ಮೇಲಿರುವಂಥದೇ ಒಂದೊಂದು ಪಟ್ಟಿ ಬರೆದೆವು. ಬೆಳಿಗ್ಗೆ ಎಲ್ಲ ಹಸಿರು. ಹತ್ತೂವರೆಗೆ ಕೆಲವು ಹಳದಿ. ಹನ್ನೆರಡಕ್ಕೆ ಎಂಟನೆಯ ಮೇಜಿನ ಪಟ್ಟಿಯನ್ನು ನಾನೇ ಒರೆಸಿ ಕೆಂಪು ಮಾಡಿದೆ, ಸೀಮೆಸುಣ್ಣ ಮುರಿಯುವಷ್ಟು ಒತ್ತಿ.

ಆಗ ಮೇಸ್ತ್ರಿಗಳು ಯಾವುದೋ ಚೀಟಿ ಓದುತ್ತ ಹೊರಬಂದರು. ತಲೆ ಎತ್ತಿದರು. ಕೆಂಪು ಪಟ್ಟಿ ಕಂಡಿತು. ಮತ್ತೆ ಆದದ್ದಕ್ಕೆ ಅವರು ಹೊಣೆಯಲ್ಲ, ತಾವು ಹೊಣೆ, ತಾವು ವರ್ಷಗಟ್ಟಲೆ ಅವರಿಗೆ ಕೊಟ್ಟ ತರಬೇತಿ ಹೊಣೆ. ಆ ಮುಖ ಬೆಣ್ಣೆಯಾಯಿತು, ಬಾಯಿ ತಾನಾಗಿ ತೆರೆಯಿತು: "ಸಾಕು ಸಾಕು, ಸುಧಾರಿಸ್ಕೊ ರಾಜ."

"ಆಗ್ಲಿ ಮೇಸ್ತ್ರಿ" ಎಂದು ಅತ್ತಿಗೆ ಪಕ್ಕದ ಬಟ್ಟೆಗಂಟಿನ ಮೇಲೆ ಕೂತುಬಿಟ್ಟರು. ಎರಡು ವರ್ಷದಲ್ಲಿ ಪಾಳಿಯ ಹೊತ್ತಿನಲ್ಲಿ ಅಲ್ಲಿ ಒಬ್ಬ ಹೆಂಗಸು ಕೂತದ್ದು ಅದೇ ಮೊದಲು. ಮೇಸ್ತ್ರಿಗಳಿಗೆ ಎಚ್ಚರವಾಗಿ, "ನಾನು ಯಾರಿಗೆ ಹೇಳಿದ್ದು ಅಂತ ಗೊತ್ತಾ?" ಎಂದು ಗದರಿದರು. ಅತ್ತಿಗೆ ಕಾಲು ನೀವಿಕೊಳ್ಳುತ್ತ, "ಕೆಂಪಾದವರಿಗೆ" ಎಂದರು. ಆಮೇಲೆ ಯಾರೂ ಸನ್ನೆ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ಮೂರನೆಯ ಮೇಜಿನವಳು ತನ್ನ ಪಟ್ಟಿಗೆ ಕೆಂಪು ಬಳಿದು ಕೂತಳು. ಐದನೆಯವಳು ಕೂತಳು. ನಾನು ಕೂತೆ. ಕೊನೆಗೆ ಇಪ್ಪತ್ತೆರಡೂ ಮೇಜು ಕೆಂಪು. ಅತ್ತ ಮಾಮ ಹಬೆ ನಿಲ್ಲಿಸಿ, ಬಾಯ್ಲರಿನ ಹಿಂದಿನಿಂದ ಧೂಳು ಹಿಡಿದ ಸ್ಟೂಲುಗಳನ್ನು ಒಂದೊಂದಾಗಿ ಎಳೆದು ತರತೊಡಗಿದರು. ಆರು ಮಾತ್ರ ಗಟ್ಟಿ ಉಳಿದಿದ್ದವು. ಮೇಸ್ತ್ರಿಗಳು ತಲೆ ಮೇಲೆ ಹೊರಲಿಲ್ಲ, ನಿಜ. ಆದರೆ ಸಂಜೆಯ ಲಾರಿಗೆ ಬಟ್ಟೆ ತುಂಬಬೇಕಿತ್ತು, ತಡೆಯಲೂ ಇಲ್ಲ.

ಈಗ ಆರು ಸ್ಟೂಲು, ಇಪ್ಪತ್ತೆರಡು ಹೆಂಗಸರು. ಯಾರ ಪಟ್ಟಿ ಕೆಂಪೋ ಅವರು ಕೂರುತ್ತಾರೆ. ಸಂಜೆ ಮೇಸ್ತ್ರಿಗಳು ಒದ್ದೆ ಬಟ್ಟೆಯಲ್ಲಿ ಪಟ್ಟಿಗಳನ್ನೆಲ್ಲ ಒರೆಸುತ್ತಾರೆ, ಬೆಳಿಗ್ಗೆ ನಾವು ಮತ್ತೆ ಬರೆಯುತ್ತೇವೆ. ಅವರಿಗೂ ಒಂದು ವ್ಯಾಯಾಮ. ಉಳಿದ ಹದಿನಾರರ ವಿಷಯದಲ್ಲಿ ಅವರಿನ್ನೂ ಯೋಚಿಸುತ್ತಿರುವುದರಿಂದ, ಅವರು ಮಾತು ಕೇಳುವುದು ತಮ್ಮೊಬ್ಬರದೇ ಆದ್ದರಿಂದ, ತಮ್ಮಲ್ಲಿ ಬೇಡಿಕೊಳ್ಳುತ್ತೇವೆ. ಮುಂದಿನ ರೇಸಿನಲ್ಲಿ ತಾವು ದಯಮಾಡಿ ಗೇಟಿನೊಳಗೆ ಕೂತುಬಿಡಬೇಕು. ಅದಾಗದಿದ್ದರೆ ನಮ್ಮೆಲ್ಲರನ್ನೂ ಕುದುರೆಗಳೆಂದು ತಮ್ಮ ಲಾಯದಲ್ಲಿ ದಾಖಲಿಸಬೇಕು. ಹಲ್ಲು ಗಟ್ಟಿ ಇವೆ, ಬೇಕಾದರೆ ತೋರಿಸುತ್ತೇವೆ. ಇಬ್ಬಿಬ್ಬರು ಸೇರಿದರೆ ನಾಲ್ಕು ಕಾಲು ಲೆಕ್ಕ ಸರಿಹೋಗುತ್ತದೆ, ಹನ್ನೊಂದು ಕುದುರೆಗಳಾಗುತ್ತೇವೆ. ಚಾಟಿಯ ಅಭ್ಯಾಸ ಮೊದಲೇ ಇದೆ, ಹುಲ್ಲುಗಾವಲಿನದನ್ನು ಮಾತ್ರ ಕಲಿಸಬೇಕಾದೀತು.

ನಿನ್ನೆ ಸಂಜೆ ಅತ್ತಿಗೆ ಎರಡೂ ಚಪ್ಪಲಿಯ ಪಟ್ಟಿ ಕೂಡಿಸಿಕೊಂಡು ಮನೆಗೆ ನಡೆದರು ಎಂಬ ಶುಭವಾರ್ತೆಯೊಂದಿಗೆ, ತಮ್ಮ ಅಮೂಲ್ಯ ವಿಶ್ರಾಂತಿಗೆ ಭಂಗ ತಂದದ್ದಕ್ಕೆ ಕ್ಷಮೆ ಕೋರುತ್ತ, ಪತ್ರವನ್ನು ಮಡಚುತ್ತೇನೆ.

ಇಂತಿ, ಸದ್ಯಕ್ಕೆ ಹಳದಿಯಲ್ಲಿರುವ,
ತಮ್ಮ ವಿಶ್ವಾಸಿ,
ಏಳನೆಯ ಮೇಜಿನವಳು

ಮರೆತಿದ್ದೆ: ಹೆಂಗಸರು ಹೇಗೆ ಕೂತರೆಂದು ಮಾಲೀಕರು ತಮ್ಮ ಯಜಮಾನರಾದ ಮೇಸ್ತ್ರಿಗಳನ್ನು ಚೆನ್ನಾಗಿ ವಿಚಾರಿಸಿಕೊಂಡರಂತೆ. ಇವತ್ತು ಗಾಜಿನ ಮೇಲೆ ಮೂರನೆಯ ಹಾಳೆ ಬಂದಿದೆ, ಅದು ಮೇಸ್ತ್ರಿಗಳದೇ ಪಾಳಿ, ಕೈಬರಹ ಮಾಲೀಕರದು, ಖಾಲಿ ಚೌಕ ಒಂದೂ ಇಲ್ಲ. ಅವರ ಕುರ್ಚಿಯನ್ನೂ ಎತ್ತಿಸಿದ್ದಾರೆ. ಅವರ ಗಾಜಿನ ಮೇಲೆ ನಾವು ಈಚೆಯಿಂದ ಒಂದು ಪಟ್ಟಿ ಬರೆದಿಟ್ಟಿದ್ದೇವೆ, ಮಧ್ಯಾಹ್ನಕ್ಕಾಗಲೇ ಹಳದಿಗೆ ತಿರುಗಿತ್ತು. ಕೆಂಪಾದ ದಿನ ಬಂದು ಕೂರಲಿ ಎಂದು ತಿಳಿಸಿ. ಸ್ಟೂಲು ಹದಿನಾರಲ್ಲ, ಹದಿನೇಳು ಬೇಕೆಂದು ಮನವಿಯನ್ನು ತಿದ್ದಿದ್ದೇವೆ. ಬೆರಳೊತ್ತಲು ಅವರಿಗೂ ಜಾಗ ಬಿಟ್ಟಿದೆ.