ಕಳ್ಳಿಪೀರದ ಬಾಗಿಲಲ್ಲಿ ನಿಂತ ಟ್ರೈಪಾಡಿಗೆ

ಮಾನ್ಯ ಟ್ರೈಪಾಡ್ ಮಹಾಶಯರೇ,

ಯಳಂದೂರಿನ ಛಾಯಾಗ್ರಾಹಕ ಉದಯಕುಮಾರ್ ಅವರ ಹೆಗಲೇರಿ ನಾಡಿನ ಕೆರೆ ಕಾಡುಗಳನ್ನೆಲ್ಲ ಪಾವನ ಮಾಡುತ್ತಿರುವ ತಮ್ಮ ಮೂರೂ ಪಾದಗಳಿಗೆ ಅಜ್ಜೀಪುರದ ಈ ನಿವೃತ್ತ ಮೇಷ್ಟ್ರ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಯಜಮಾನರಿಗೇ ಬರೆಯಬಹುದಿತ್ತು. ಆದರೆ ಅವರ ಕಣ್ಣು ಸದಾ ಕ್ಯಾಮೆರಾಕ್ಕೆ ಅಂಟಿಕೊಂಡಿರುವುದರಿಂದ ಕಾಗದ ಓದಲು ಬಿಡುವಿರಲಾರದೆಂದು ತಮಗೇ ಬರೆಯುತ್ತಿದ್ದೇನೆ.

ಕಳೆದ ಏಪ್ರಿಲ್‌ನ ಒಂದು ಬೆಳಿಗ್ಗೆ ಕಳ್ಳಿಪೀರ ಹಕ್ಕಿಗಳ ಫೋಟೋಕ್ಕೆಂದು ತಾವು ನಮ್ಮ ಹಿಪ್ಪುನೇರಳೆ ತೋಟದ ಬದುವಿಗೆ ದಯಮಾಡಿಸಿದಿರಿ. ತಮ್ಮನ್ನು ನಿಲ್ಲಿಸುವ ಶಾಸ್ತ್ರವೇ ಅರ್ಧ ಗಂಟೆ ನಡೆಯಿತು. ನಮ್ಮಲ್ಲಿ ಚಪ್ಪರದ ಕಂಬ ನಿಲ್ಲಿಸಲೂ ಅಷ್ಟು ಹೊತ್ತು ಹಿಡಿಯುವುದಿಲ್ಲ. ಲೆನ್ಸಿನ ನೇರಕ್ಕೆ ಒಂದು ಕಾಲು ಮುಂದಿರಬೇಕು, ಕಾಲುಗಳು ಅಗಲವಾಗಿ ನೆಲಕ್ಕೆ ತಗ್ಗಿರಬೇಕು, ನಡುಗಂಬ ಎತ್ತಬಾರದು, ಗಾಳಿಗೆ ಅದುರದಂತೆ ಹೊಟ್ಟೆಯ ಕೊಕ್ಕೆಗೆ ಬ್ಯಾಗು ನೇತುಹಾಕಬೇಕು. ಇಷ್ಟೆಲ್ಲ ಆದರೂ ತಮ್ಮ ಮುಂಗಾಲು ಮಾತ್ರ ಮರಳುಮಣ್ಣಿನಲ್ಲಿ ಜಾರುತ್ತಿತ್ತು. ಆಗ ಪಕ್ಕದಲ್ಲಿದ್ದ ಬುದ್ಧಿವಂತರೊಬ್ಬರು ಅಲ್ಲೇ ಇದ್ದ ಒಂದು ಬಿಲವನ್ನು ತೋರಿಸಿ, ಹಳೆಯ ಇಲಿಬಿಲವಿರಬೇಕು, ಅದರಲ್ಲೇ ಊರಿ ಎಂದು ಸಲಹೆ ಕೊಟ್ಟರು. ತಮ್ಮ ಮುಂಗಾಲು, ತುದಿಯ ಮೊಳೆಯ ಸಮೇತ, ಅದಕ್ಕೆಂದೇ ತೋಡಿಟ್ಟಿದ್ದಂತೆ ಅದರಲ್ಲಿ ಇಳಿಯಿತು.

ಅದು ಕಳ್ಳಿಪೀರದ ಗೂಡಿನ ಬಾಗಿಲು. ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ, ಮಣ್ಣಿನಲ್ಲಿ ಬಿಲ ತೋಡಿ ಮರಿ ಮಾಡುತ್ತದೆ. ಸೊಪ್ಪು ಕೊಯ್ಯುತ್ತಿದ್ದ ನನ್ನ ಮಡದಿ ದೇವೀರಮ್ಮ ಓಡಿಬಂದು, "ಸಾ, ಗೂಡಿನ ಬಾಯ್ಗೇ ಕಾಲು ಮಡಗಿದ್ದೀರಲ್ಲಾ, ಒಳಗೆ ಮರಿ ಅವೆ ಕಣ್ರಿ, ವಸಿ ಎತ್ಕಳಿ" ಎಂದು ಬೇಡಿಕೊಂಡಳು. ಯಜಮಾನರು ತಲೆ ತಿರುಗಿಸದೆ ಅಂಗೈ ತೋರಿಸಿದರು. ಅದೇ ಬುದ್ಧಿವಂತರು "ಸುಮ್ಕಿರು, ಫೋಟೋ ಅಲ್ಲಾಡ್ತದೆ" ಎಂದು ಅವಳನ್ನು ಗದರಿದರು.

ತಾವಂತೂ ಮೂರು ಗಂಟೆ ಕಾಲ ಅಲ್ಲಾಡಲಿಲ್ಲ. ಅಂಥ ಸ್ಥಿತಪ್ರಜ್ಞತೆಯನ್ನು ನಾನು ಮಠಗಳಲ್ಲೂ ಕಂಡಿಲ್ಲ. ಹಕ್ಕಿಗಳೆರಡೂ ಏರೋಪ್ಲೇನ್ ಚಿಟ್ಟೆ ಕಚ್ಚಿಕೊಂಡು ಬಂದು, ತಮ್ಮ ಮುಂಗಾಲಿನ ಸುತ್ತ ಹಾರಾಡಿ, ಎರಡು ಮಾರು ದೂರದ ಒಣಕಡ್ಡಿಯ ಮೇಲೆ ಕೂರುವುದು, ಮತ್ತೆ ಹಾರುವುದು. ಯಜಮಾನರ ಸಂಭ್ರಮ ಕೇಳಬೇಕೆ! ಐಎಸ್ಒ ಎಂಟುನೂರಂತೆ, ಅಪರ್ಚರ್ ಐದು ಪಾಯಿಂಟ್ ಆರಂತೆ, ಶಟರ್ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗವಂತೆ, ಫೋಕಸ್ ಹಕ್ಕಿಯ ಕಣ್ಣಿಗೇ ಅಂತೆ. ರೆಕ್ಕೆಯ ಬಡಿತವನ್ನೂ ಹಿಡಿದು ನಿಲ್ಲಿಸಿದ ಆ ಮಹಾನುಭಾವರು, ಆ ಕಣ್ಣು ಏನನ್ನು ನೋಡುತ್ತಿದೆ ಎಂದು ಮಾತ್ರ ನೋಡಲಿಲ್ಲ.

ತಾವು ಹೊರಟ ಮೇಲೆ ದೇವೀರಮ್ಮ ಕುಸಿದ ಮಣ್ಣನ್ನು ಬೆರಳಿನಿಂದಲೇ ಬಿಡಿಸಿದಳು. ಒಳಗೆ ಸದ್ದಿರಲಿಲ್ಲ. ಎರಡು ದಿನ ಹಕ್ಕಿಗಳು ಹುಳ ಕಚ್ಚಿಕೊಂಡು ಬಂದು ಅದೇ ಕಡ್ಡಿಯ ಮೇಲೆ ಕೂತವು. ಮೂರನೆಯ ದಿನ ಬರಿಗೊಕ್ಕಿನಲ್ಲಿ ಬಂದವು. ಆಮೇಲೆ ಬರಲಿಲ್ಲ.

ಕೊಳ್ಳೇಗಾಲದ ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಮೊದಲ ಬಹುಮಾನ ಬಂದಿದೆಯೆಂದು ಕೇಳಿ ಹೋಗಿ ನೋಡಿದೆ. ಹಿನ್ನೆಲೆ ಬೆಣ್ಣೆಯಂತೆ ನುಣ್ಣಗಿತ್ತು. ಕೆಳಗೆ "ಮನುಷ್ಯನ ಮೇಲಿನ ನಂಬಿಕೆ" ಎಂದು ಬರೆದಿತ್ತು.

ಆದಕಾರಣ ತಮ್ಮಲ್ಲಿ ನನ್ನ ಅರಿಕೆ ಇಷ್ಟೆ. ತಾವು ದಯವಿಟ್ಟು ಆ ಮುಂಗಾಲಿನ ತುದಿಗೊಂದು ಕಣ್ಣು ಬೆಳೆಸಿಕೊಳ್ಳಬೇಕು, ಯಜಮಾನರಿಗೆ ಇರುವ ಎರಡು ಸಾಲದಾಗಿವೆ. ಅದಾಗದಿದ್ದರೆ, ಹಸಿದ ಮಕ್ಕಳಿಗೆ ಊಟ ಹಿಡಿದು ಅವರು ಮನೆಗೆ ಬರುವ ಹೊತ್ತಿಗೆ ಅವರ ಹೊಸಿಲಲ್ಲಿ ಮೂರು ಗಂಟೆ ಅಲ್ಲಾಡದೆ ನಿಂತು, ಅವರ ಕಣ್ಣಿಗೇ ಫೋಕಸ್ ಇಟ್ಟು ಒಂದು ಫೋಟೋ ತೆಗೆಸಬೇಕು. ಶೀರ್ಷಿಕೆ ಅದೇ ಇರಲಿ.

ತಮ್ಮ ಮೂರೂ ಪಾದಗಳ ವಿಶ್ವಾಸಿ,
ಪುಟ್ಟಮಾದಪ್ಪ
ನಿವೃತ್ತ ಶಿಕ್ಷಕ, ಅಜ್ಜೀಪುರ

ಮರೆತ ಮಾತು: ಮೂವತ್ತೊಂದು ವರ್ಷ ಮಕ್ಕಳಿಗೆ ಪರಿಸರ ಪಾಠ ಹೇಳಿದ ಹೆಮ್ಮೆಯಲ್ಲಿ ಈ ಪತ್ರವನ್ನು ದೇವೀರಮ್ಮನಿಗೂ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಮೂರ್ ಕಾಲಿನ ಕೋಲ್ಗೆ ಯಾಕ್ ಬಯ್ತೀರಿ? ಬಿಲ ತೋರ್ಸಿದ್ದೂ ನೀವೇ, ನನ್ ಬಾಯಿ ಮುಚ್ಚಿಸಿದ್ದೂ ನೀವೇ ಅಲ್ವಾ?"