ಎಂಜಲು ಚಿತ್ರದ ಟ್ರೇ

ಉಡುಗೊರೆ ಕೈಗೆ ಬಂದಾಗ ಜನ ಕೊಟ್ಟವರ ಮುಖ ನೋಡುತ್ತಾರೆ. ನಾನು ಗಮ್‌ಟೇಪು ನೋಡುತ್ತೇನೆ. ಹೊಸ ಟೇಪಿನ ಅಡಿಯಲ್ಲಿ ಹಳೆಯದನ್ನು ಕಿತ್ತ ಗುರುತಿದ್ದರೆ, ಆ ವಸ್ತು ಆಗಲೇ ಒಂದೆರಡು ಮನೆ ಕಂಡು ಬಂದಿದೆ ಎಂದೇ ಅರ್ಥ. ಈ ವಿದ್ಯೆ ನನಗೆ ಅನುಭವದಿಂದ ಬಂದದ್ದು. ಗೋಡೆ ಗಡಿಯಾರ, ಲೆಮನ್ ಸೆಟ್ಟುಗಳಿಗೆ ಹೊಸ ಕಾಗದ ಸುತ್ತಿ ಮುಂದಿನ ಮದುವೆಗೆ ಸಾಗಹಾಕುವುದರಲ್ಲಿ ನಾನೇನೂ ಕಡಿಮೆಯವನಲ್ಲ. ಕಳ್ಳನಿಗೆ ಬೀಗದ ಮೇಲೆ ಇರುವಷ್ಟು ಅನುಮಾನ ನನಗೆ ಉಡುಗೊರೆಯ ಮೇಲೆ.

ರವೀಂದ್ರನಗರದಲ್ಲಿ ನಾವು ಮನೆ ಕಟ್ಟಿದ ವರ್ಷ, ಗೃಹಪ್ರವೇಶಕ್ಕೆ ಭದ್ರಾವತಿಯಿಂದ ನನ್ನ ಷಡ್ಡಕ ರುದ್ರೇಶ ಬಂದ. ಅಂದರೆ ನನ್ನ ಹೆಂಡತಿ ಗಿರಿಜೆಯ ತಂಗಿ ಉಮಾಳ ಗಂಡ, ಕಾರ್ಖಾನೆಯಲ್ಲಿ ಕೆಲಸ. ಅವನು ಕೊಟ್ಟ ಪೊಟ್ಟಣದಲ್ಲಿ ಕಾಫಿ ಕೊಡುವ ಟ್ರೇ ಇತ್ತು. ಟ್ರೇ ತುಂಬ ಎಂಜಲು! ಮೀನಿನ ಮುಳ್ಳು, ಕೋಳಿಕಾಲು, ಏಡಿಯ ಚಿಪ್ಪು, ಚೀಪಿ ಬಿಸಾಡಿದ ಹಣ್ಣಿನ ತೊಟ್ಟು, ಇವುಗಳ ನಡುವೆ ಏನನ್ನೋ ಕಡಿಯುತ್ತ ಕೂತ ಒಂದು ಇಲಿ. ಎಲ್ಲವೂ ಚಿತ್ರವೇ, ಆದರೆ ನೆರಳಿನ ಸಮೇತ ಎಷ್ಟು ನಿಜವಾಗಿತ್ತೆಂದರೆ, ನಮ್ಮ ಅತ್ತೆ ಸೆರಗಿನಿಂದ ಎರಡು ಸಲ ಒರೆಸಿ ನೋಡಿದರು. ದಿನಾ ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ಮನೆಗೆ ಮೀನಿನ ಮುಳ್ಳು! ಹಿಂಭಾಗದಲ್ಲಿ ಇಂಗ್ಲಿಷಿನಲ್ಲಿ ‘ಪುರಾತನ ರೋಮಿನ ಮೊಸಾಯಿಕ್: ಗುಡಿಸದ ನೆಲ’ ಎಂದು ಅಚ್ಚಾಗಿತ್ತು.

ಅಲ್ಲಿಗೆ ನನ್ನ ನಿದ್ದೆ ಹೋಯಿತು. ಗ್ರಾನೈಟಿಗೆ ಕೈ ಎಟುಕದೆ ನಾನು ನೆಲಕ್ಕೆ ಹಾಕಿಸಿದ್ದು ಮೊಸಾಯಿಕ್. ಅದನ್ನು ಆಡಿಕೊಳ್ಳಲು ತಂದನೇ? ಅಥವಾ ಊಟದ ಗಡಿಬಿಡಿಯಲ್ಲಿ ಎರಡನೇ ಪಂಕ್ತಿಗೆ ನೆಲ ಒರೆಸದೆ ಎಲೆ ಹಾಕುತ್ತಾರೆ ಎಂದು ಮೊದಲೇ ಊಹಿಸಿದ್ದನೇ? ಹಾಗೆ ಹಾಕಿದ್ದೂ ನಿಜ, ಆ ಪಂಕ್ತಿಯಲ್ಲಿ ಅವನು ಕೂತದ್ದೂ ನಿಜ.

“ರೀ, ನನಗೆ ಇರೋಳು ಒಬ್ಬಳೇ ತಂಗಿ” ಎಂದಳು ಗಿರಿಜಾ. “ನಿಮ್ಮ ಅನುಮಾನಕ್ಕೆ ಅವಳ ಮನೆಗೆ ಹೋಗಿ ಬರೋದು ತಪ್ಪಿತೋ, ನಾನು ಸುಮ್ನಿರಲ್ಲ ನೋಡಿ.”

ನಾನು ಮೇಲ್ನೋಟಕ್ಕೆ ಸುಮ್ಮನಿದ್ದೆ. ಆರು ತಿಂಗಳಿಗೆ ರುದ್ರೇಶನಿಗೆ ದೊಡ್ಡ ಕ್ವಾರ್ಟರ್ಸ್ ಸಿಕ್ಕಿ, ಹಾಲು ಉಕ್ಕಿಸಲು ನಮ್ಮನ್ನು ಕರೆದ. “ಏನಾದ್ರೂ ಸ್ಟೀಲಿಂದು ತನ್ನಿ” ಎಂದು ಗಿರಿಜಾ ನನ್ನನ್ನು ಗಾಂಧಿ ಬಜಾರಿಗೆ ಕಳಿಸಿದಳು. ನಾನು ತಂದದ್ದು ಹೂವಿನ ಚಿತ್ರದ ಕಾಗದ ಮಾತ್ರ. ಅಟ್ಟದಿಂದ ಟ್ರೇ ಇಳಿಸಿ, ಅವಳಿಗೆ ಕಾಣದಂತೆ ಸುತ್ತಿ, ಅವನ ಅವಮಾನವನ್ನು ಅವನ ಮನೆಗೇ ಮುಟ್ಟಿಸುವ ಹುರುಪಿನಲ್ಲಿ ಭದ್ರಾವತಿಯ ಬಸ್ಸು ಹತ್ತಿದೆ.

ಊಟವಾದ ಮೇಲೆ ಉಮಾ ಕಾಫಿ ತಂದಳು. ಲೋಟಗಳ ಕೆಳಗೆ ಅದೇ ಇಲಿ, ಅದೇ ಮೀನಿನ ಮುಳ್ಳು! ಒಂದು ಕ್ಷಣ, ನನ್ನ ಚೀಲದಿಂದಲೇ ಎದ್ದು ಹೋಯಿತೇನೋ ಎಂದು ತಡವಿ ನೋಡಿಕೊಂಡೆ.

“ನೋಡಣ್ಣ, ಜೋಡಿ ಇದು” ಎಂದ ರುದ್ರೇಶ. “ನಮ್ಮ ಸಾಹೇಬ್ರು ಇಟಲಿಗೆ ಹೋದಾಗ ತಂದುಕೊಟ್ಟಿದ್ದು. ಇದರ ಮೂಲೆ ಸೀಳು ಬಿಟ್ಟಿತ್ತು. ಚೆನ್ನಾಗಿರೋದನ್ನ ನಿಮಗೆ ಕೊಟ್ಟೆ.”

“ಮೀನು, ಕೋಳಿ ಎಲ್ಲ ಇದೆಯಲ್ಲೋ...”

“ಕಲ್ಲಿನ ಚೂರಲ್ಲಿ ಮಾಡಿದ ಮೀನಣ್ಣ, ಸಾರು ಮಾಡಕ್ಕಾಗುತ್ತಾ? ಆಗಿನ ಶ್ರೀಮಂತರು ಊಟದ ಮನೆ ನೆಲಕ್ಕೇ ಹಿಂಗೆ ಬಿಡಿಸ್ತಿದ್ರಂತೆ. ಗುಡಿಸೋಕೂ ಪುರುಸೊತ್ತಿಲ್ಲ, ಅಷ್ಟು ಜನ ಉಂಡು ಹೋಗ್ತಾರೆ ಈ ಮನೇಲಿ ಅಂತ. ನಿಮ್ಮ ಮನೇನೂ ಹಂಗೇ ಇರ್ಲಿ ಅಂತ ಕೊಟ್ಟೆ.” ಹೀಗೆಂದವನು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ, ಗಿರಿಜಾ ಚೀಲದಿಂದ ತೆಗೆದುಕೊಟ್ಟ ಪೊಟ್ಟಣದ ಟೇಪು ಕಿತ್ತ.

ಒಳಗಿನ ಇಲಿ ಹೊರಗೆ ಬಂತು. ಸ್ಟೀಲು ಪಾತ್ರೆಯನ್ನು ನಿರೀಕ್ಷಿಸಿದ್ದ ಗಿರಿಜಾ ನನ್ನತ್ತ ತಿರುಗಿದಳು. ಉಮಾಳ ಮುಖ ಸಣ್ಣಗಾಯಿತು.

“ಜೋಡಿ... ಒಡೀಬಾರ್ದು ಅಂತ ತಂದೆ ಕಣೋ” ಎಂದೆ.

ರುದ್ರೇಶ ಟ್ರೇಯನ್ನೂ ನನ್ನನ್ನೂ ಒಮ್ಮೆ ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕು, “ನೋಡೇ ಉಮಾ, ಅಣ್ಣನ ಮನಸ್ಸು ನೋಡು! ಹಂಗಾದ್ರೆ ಜೋಡಿ ನಿಮ್ಮನೇಲೇ ಇರ್ಲಿ” ಎಂದು ಎರಡನ್ನೂ ಸೇರಿಸಿ ನನ್ನ ಹೂವಿನ ಕಾಗದದಲ್ಲೇ ಸುತ್ತಿ ಗಿರಿಜೆಯ ಕೈಗಿಟ್ಟ. ಉಮಾ ಅಕ್ಕನಿಗೆ ಕುಂಕುಮ ಇಟ್ಟು, ಮುಂದಿನ ತಿಂಗಳು ಬಂದು ನಾಲ್ಕು ದಿನ ಇರುತ್ತೇನೆ ಎಂದಳು. ಬಚಾವಾದೆ ಅಂದುಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಗಿರಿಜಾ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬಸ್ಸು ಹೊರಟ ಮೇಲೆ ಕೇಳಿದಳು, “ಅಲ್ರೀ, ಅವರ ಹತ್ರ ಇನ್ನೊಂದಿದೆ ಅಂತ ಗೊತ್ತಾಗಿದ್ದೇ ಕಾಫಿ ಹೊತ್ತಿಗೆ. ಮನೇಲಿ ಕಾಗದ ಸುತ್ತೋವಾಗ ಯಾವ ಜೋಡಿ ಒಡೀಬಾರ್ದು ಅಂದ್ಕೊಂಡ್ರಿ?”

ಆಗಲೇ ನನಗೂ ಹೊಳೆದದ್ದು: ಈ ಲೆಕ್ಕ ಕಾರ್ಖಾನೆಯಲ್ಲಿ ನೂರೆಂಟು ಯಂತ್ರ ಬಿಚ್ಚಿ ಜೋಡಿಸುವ ರುದ್ರೇಶನಿಗೆ ತಿಳಿಯದೇ ಹೋಗಿರುತ್ತದೆಯೇ? ನಗುವ ಮೊದಲು ಅವನು ನನ್ನನ್ನು ನೋಡಿದ ಆ ಒಂದು ನೋಟ? ಸಿಕ್ಕವರನ್ನೆಲ್ಲ ಅನುಮಾನಿಸಿ, ಬುಡ ಮುಟ್ಟುವವರೆಗೆ ಕೆದಕುವುದು ನನ್ನ ಸ್ವಭಾವ. ಈ ಒಂದನ್ನು ಮಾತ್ರ ಇವತ್ತಿನವರೆಗೂ ಕೆದಕಿಲ್ಲ. ಅವನು ಮನೆಗೆ ಬಂದಾಗಲೆಲ್ಲ ಆ ಟ್ರೇಯಲ್ಲಿ ಕಾಫಿಯನ್ನು ನಾನೇ ತಂದು ಕೊಡುತ್ತೇನೆ, ತಲೆ ತಗ್ಗಿಸಿಕೊಂಡು.