ಬಿದ್ದರೂ ಏನೂ ಆಗದ ಗಾಡಿ

ಬೀಳದ ಮನುಷ್ಯ ಯಾರಿದ್ದಾರೆ ಹೇಳಿ ಎಂದು ಸಮಾಧಾನ ಮಾಡಲು ಬರುವವರನ್ನು ಕಂಡರೆ ನನಗೆ ಈಚೆಗೆ ಮೈಯೆಲ್ಲ ಉರಿಯುತ್ತದೆ. ಎಲ್ಲರೂ ಬೀಳುತ್ತಾರೆ, ಒಪ್ಪಿದೆ. ಆದರೆ ಬಿದ್ದವನು ಎದ್ದು ಪ್ಯಾಂಟು ಕೊಡವಿಕೊಳ್ಳುವ ಮೊದಲೇ ಅವನು ಬಿದ್ದ ಸುದ್ದಿ ಊರು ಕೇರಿಯ ವಿವರದೊಂದಿಗೆ ಅವನ ಹೆಂಡತಿಗೆ ತಲುಪುವುದು ಎಷ್ಟು ಜನರ ಹಣೆಯಲ್ಲಿ ಬರೆದಿರುತ್ತದೆ? ನನ್ನ ಹಣೆಯಲ್ಲಿ ಬರೆದಿತ್ತು. ಐವತ್ತಾರನೆಯ ವಯಸ್ಸಿನಲ್ಲಿ, ಯಾರೂ ಒತ್ತಾಯ ಮಾಡದೆ, ನನ್ನ ಸ್ವಂತ ಬುದ್ಧಿಯಿಂದಲೇ ನಾನೊಂದು ಎಲೆಕ್ಟ್ರಿಕ್ ಬೈಕು ಕೊಂಡೆ. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ನನ್ನ ಮನೆ ಬೇಲೂರಿನಲ್ಲಿ, ಕೆಲಸ ಹಳೇಬೀಡಿನ ಹೈಸ್ಕೂಲಿನಲ್ಲಿ. ಸಮಾಜ ವಿಜ್ಞಾನದ ಮೇಷ್ಟ್ರು. ಇಪ್ಪತ್ತೆರಡು ವರ್ಷ ನನ್ನನ್ನು ಹೊತ್ತು ತಿರುಗಿದ ಹಳೆಯ ಸ್ಕೂಟರು ಒಂದು ದಿನ ಸ್ಕೂಲಿನ ಗೇಟಿನಲ್ಲೇ ಪ್ರಾಣ ಬಿಟ್ಟಾಗ, ಎಲೆಕ್ಟ್ರಿಕ್ ಸ್ಕೂಟರು ತಗೊಳ್ಳಿ, ಮುಂದೆ ಕಾಲಿಡಕ್ಕೂ ಜಾಗ ಐತೆ, ತರಕಾರಿ ಚೀಲಕ್ಕೂ ಜಾಗ ಐತೆ ಎಂದು ನನ್ನ ಹೆಂಡತಿ ಗಿರಿಜ ಹೇಳಿದ್ದಳು. ಆದರೆ ಹಾಸನದ ಷೋರೂಮಿನಲ್ಲಿ ಸ್ಕೂಟರಿನ ಪಕ್ಕದಲ್ಲೇ ಆ ಬೈಕು ನಿಂತಿತ್ತು. ಅದರೆದುರಿಗೆ ಗೋಡೆಯಷ್ಟಗಲದ ಕನ್ನಡಿ. ಸುಮ್ಮನೆ ಹತ್ತಿ ಕೂತು ನೋಡಿದೆ. ಹೊಟ್ಟೆಯನ್ನು ಪೆಟ್ರೋಲ್ ಟ್ಯಾಂಕಿನಂಥದೊಂದು ಮುಚ್ಚಿಕೊಂಡಿತ್ತು, ತಲೆಯ ಬೋಳನ್ನು ಹೆಲ್ಮೆಟ್ಟು ಮುಚ್ಚಿತ್ತು. ಉಳಿದ ಭಾಗ ಚೆನ್ನಾಗಿಯೇ ಕಂಡಿತು. ಮಾರುವ ಹುಡುಗಿ ಸೀಟಿನ ಮೇಲೆ ಪಟಪಟ ತಟ್ಟಿ, ಬಿದ್ರೂ ಏನೂ ಆಗಲ್ಲ ಸಾರ್ ಎಂದಳು. ಯಾರಿಗೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಆಪತ್ತಿಗೆ ಆಗುವವರ ಮೊಬೈಲು ನಂಬರು ಯಾರದ್ದು ಕೊಡ್ತೀರಿ ಎಂದಾಗ ಬಹಳ ಹೆಮ್ಮೆಯಿಂದ ಗಿರಿಜಳ ನಂಬರು ಬರೆಸಿದೆ.

ಈಗ ನನ್ನ ಒಂದು ರೋಗದ ವಿಷಯ ಹೇಳಬೇಕು. ನನಗೆ ಒಂದು ಕೈಯಲ್ಲಿ ನಮಸ್ಕಾರ ಮಾಡಲು ಬರುವುದಿಲ್ಲ. ನಮ್ಮಪ್ಪ ಹಾರನಹಳ್ಳಿಯವರು, ಮನೆಯಲ್ಲಿ ಬಡತನವಿದ್ದರೂ ಮರ್ಯಾದೆಗೆ ಕೊರತೆ ಇರಬಾರದು ಎನ್ನುವ ಪೈಕಿ. ಚಿಕ್ಕವನಿದ್ದಾಗ ಒಮ್ಮೆ ಯಾರಿಗೋ ಎಡಗೈಯಲ್ಲಿ ಚೀಲ ಹಿಡಿದುಕೊಂಡು ಬಲಗೈಯನ್ನಷ್ಟೇ ಎತ್ತಿದ್ದಕ್ಕೆ ತಲೆಗೆ ಮೊಟಕಿ, ಒಂದು ಕೈ ಎತ್ತದು ಬಸ್ಸಿಗೆ ಕಣ್ಲಾ, ಮನುಷ್ಯರಿಗೆ ಎರಡು ಕೈ ಎಂದಿದ್ದರು. ಆ ಮೊಟಕು ಇನ್ನೂ ನನ್ನ ತಲೆಯಲ್ಲಿದೆ. ಹಿರಿಯರು ಕಂಡರೆ ಗಾಡಿ ನಿಲ್ಲಿಸಿ ಎರಡೂ ಕೈ ಜೋಡಿಸುತ್ತೇನೆ. ಬೇಡವೆಂದರೂ ಕೈಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಹಳೆಯ ಸ್ಕೂಟರಿಗೆ ನನ್ನ ಈ ಚಾಳಿ ಗೊತ್ತಿತ್ತು. ಗೇರಿನಲ್ಲಿ ಕಚ್ಚಿಕೊಂಡು, ಎರಡು ತೊಡೆಯ ನಡುವೆ ಕರುವಿನಂತೆ ಸುಮ್ಮನೆ ನಿಂತಿರುತ್ತಿತ್ತು. ಹೊಸ ಬೈಕಿಗೆ ಗೇರೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಹೊಟ್ಟೆಯಲ್ಲಿ ಕೊಬ್ಬರಿ ಮೂಟೆಯಷ್ಟು ಭಾರದ ಬ್ಯಾಟರಿ. ನನಗೋ ನೆಲಕ್ಕೆ ತಾಗುವುದು ತುದಿಗಾಲು ಮಾತ್ರ.

ಮೊದಲ ಸಲ ಬಿದ್ದದ್ದು ಪೂಜೆಯ ದಿನವೇ. ಮನೆಯ ಮುಂದೆ ಗಾಡಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ನನ್ನನ್ನು ಮೇಲೆ ಕೂರಿಸಿ, ಪೂಜೆ ಮಾಡಿದ ಅಯ್ನೋರು ಮಂಗಳಾರತಿ ತಟ್ಟೆಯನ್ನು ನನ್ನೆದುರು ಹಿಡಿದರು. ನೀವೇ ಹೇಳಿ, ಮಂಗಳಾರತಿಯನ್ನು ಯಾರಾದರೂ ಒಂದು ಕೈಯಲ್ಲಿ ತೆಗೆದುಕೊಳ್ಳುತ್ತಾರೆಯೇ? ಎರಡೂ ಕೈ ಚಾಚಿದೆ. ಗಾಡಿ ನಿಧಾನವಾಗಿ, ಬಹಳ ಭಕ್ತಿಯಿಂದ, ಎಡಕ್ಕೆ ಮಲಗಿತು, ಜೊತೆಗೆ ನಾನೂ. ದೃಷ್ಟಿ ಹೋಯ್ತು ಬಿಡಿ ಎಂದು ಅಯ್ನೋರು ತಮ್ಮ ತಟ್ಟೆಯನ್ನು ಉಳಿಸಿಕೊಂಡರು. ಮೂರಡಿ ದೂರದಲ್ಲಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಗಿರಿಜಳ ಸೆರಗಿನಲ್ಲಿದ್ದ ಮೊಬೈಲು ಆಗ ಟಣ್ಣೆಂದಿತು. ಗಾಡಿಯೇ ಕಳಿಸಿದ ಮೆಸೇಜನ್ನು ಅವಳು ಕನ್ನಡಕ ಹಾಕಿಕೊಂಡು ಓದಿದಳು: ‘ಗಿರಿಜಾ ಅವರೇ, ನಿಮ್ಮ ಆತ್ಮೀಯರ ವಾಹನ ಬಿದ್ದಂತೆ ಕಾಣುತ್ತಿದೆ. ಅವರು ಕ್ಷೇಮವೇ ಎಂದು ಕೂಡಲೇ ವಿಚಾರಿಸಿ.’ ಓದಿ ಮುಗಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ವಿಚಾರಿಸಲಿಲ್ಲ.

ಆಮೇಲೆ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಸ್ಕೂಲಿಗೆ ಬಂದ ಇನ್‌ಸ್ಪೆಕ್ಟರರ ಮುಂದೆ ಬಿದ್ದೆ. ಹಳೇಬೀಡಿನ ದೇವಸ್ಥಾನದ ಎದುರು, ಪ್ರವಾಸಿಗಳ ಬಸ್ಸು ಖಾಲಿಯಾಗುತ್ತಿದ್ದ ಹೊತ್ತಿಗೆ ಸರಿಯಾಗಿ ಬಿದ್ದೆ. ಅವರಲ್ಲಿ ಇಬ್ಬರು ಫೋಟೋ ತೆಗೆದುಕೊಂಡರು. ಕಲ್ಲಿನಲ್ಲಿ ಕೆತ್ತಿದ ಸಾವಿರ ಭಂಗಿಗಳಲ್ಲಿ ಅಂಥದ್ದು ಅವರಿಗೆ ಸಿಕ್ಕಿರಲಾರದು. ಗಾಡಿಯದ್ದು ಮಾತ್ರ ಕಲ್ಲಿನಂಥ ಜೀವ. ಬಿದ್ದ ಕೂಡಲೇ ತಾನೇ ಮೋಟಾರು ನಿಲ್ಲಿಸಿಕೊಳ್ಳುತ್ತದೆ. ಕನ್ನಡಿ ಸೊಟ್ಟಗಾದರೆ ತಿರುಗಿಸಿದರೆ ಸರಿಹೋಗುತ್ತದೆ. ಕಾಲಿಡುವ ಕಂಬಿ ಮಡಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಬ್ರೇಕಿನ ತುದಿಯ ಗುಂಡು ಎರಡು ಕಡೆ ತರಚಿದ್ದು ಬಿಟ್ಟರೆ ಒಂದು ಗೀರಿಲ್ಲ. ಎತ್ತಿ ನಿಲ್ಲಿಸಿ ಗುಂಡಿ ಒತ್ತಿದರೆ, ಏನಾಯಿತೀಗ ಎಂಬಂತೆ ದೀಪ ಹೊತ್ತಿಸಿಕೊಂಡು ತಯಾರು. ನಾನೋ? ಎಡಮಂಡಿ ಊದಿ ಕುಂಬಳಕಾಯಿ, ಮೊಣಕೈಯಲ್ಲಿ ಒಣಗದ ಗಾಯ. ಆದರೂ ಓಡಿ ಬಂದವರೆಲ್ಲ ಮೊದಲು ಗಾಡಿಯ ಸುತ್ತ ಬಗ್ಗಿ ನೋಡಿ, ಏನೂ ಆಗಿಲ್ಲ ಸಾರ್, ಪುಣ್ಯ ಎನ್ನುತ್ತಿದ್ದರು. ಒಂದು ದಿನ ಇದನ್ನೇ ಹೇಳಿ ಗಿರಿಜಳ ಮುಂದೆ ಗೋಳಾಡಿದೆ. ಅವಳು ಅರಸೀಕೆರೆಯ ತೆಂಗಿನಕಾಯಿ ಮಂಡಿಯವರ ಮಗಳು. ಬೀಳುವ ವಸ್ತುಗಳ ವಿಷಯ ಅವಳಿಗೆ ಹುಟ್ಟಿನಿಂದ ಗೊತ್ತು. ನನ್ನ ಊದಿದ ಎಡಮಂಡಿಗೆ ಎಣ್ಣೆ ತಿಕ್ಕುತ್ತಾ ಹೇಳಿದಳು.

“ಮರದಿಂದ ಬಿದ್ದ ಕಾಯಿ ಒಡೆಯಲ್ಲ ಕಣ್ರೀ, ಅದಕ್ಕೆ ಮಟ್ಟೆ ಐತೆ. ಸುಲಿದ ಕಾಯಿ ಕೈಜಾರಿದ್ರೂ ಎರಡು ಹೋಳು. ಗಾಡಿಗೆ ಮಟ್ಟೆ ಐತೆ. ನೀವು ಸುಲಿದ ಕಾಯಿ.”

ಹೀಗೇ ಹೇಗೋ ನಡೆಯುತ್ತಿತ್ತು. ಕೆಟ್ಟದ್ದು ಒಂದು ಬೆಳಿಗ್ಗೆ. ಸ್ಕೂಲಿಗೆ ಹೊರಟವನಿಗೆ ಊರ ಹೊರಗೆ ಒಂದು ಶವಯಾತ್ರೆ ಎದುರಾಯಿತು. ಯಾರೋ ಪುಣ್ಯಾತ್ಮರು, ಪರಿಚಯವಿಲ್ಲ. ಆದರೆ ಹೋದವರಿಗಾದರೂ ಎರಡು ಕೈ ಜೋಡಿಸದಿದ್ದರೆ ನಾವು ಮನುಷ್ಯರೇ? ಪಕ್ಕಕ್ಕೆ ನಿಲ್ಲಿಸಿ ಜೋಡಿಸಿದೆ. ಗಾಡಿ ಉರುಳಿ ನಾನು ಚಟ್ಟದ ಮುಂದೆಯೇ ಹೋಗಿ ಬಿದ್ದೆ. ದಾರಿ ನಡುವೆ ಹೆಣ ಇಳಿಸಬಾರದು ಎಂದು ಒಬ್ಬರು ಗೊಣಗಿದರು. ಇನ್ನೊಂದು ಹೆಣ ಆಗದು ಬ್ಯಾಡ, ಮೊದ್ಲು ಇವ್ರನ್ನ ಎತ್ರಲಾ ಎಂದು ಮತ್ತೊಬ್ಬರು. ಇಳಿಸಿದರು, ನನ್ನನ್ನು ಎತ್ತಿದರು, ಮತ್ತೆ ಅವರನ್ನು ಎತ್ತಿಕೊಂಡು ಹೋದರು. ತಮಟೆ ಸದ್ದಿನಲ್ಲಿ ನನ್ನ ಮೊಬೈಲು ಹೊಡೆದುಕೊಂಡದ್ದು ನನಗೆ ಕೇಳಲೇ ಇಲ್ಲ. ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ಸೋಡಾ ಕುಡಿಯುತ್ತಿದ್ದಾಗ ಆಟೋ ಒಂದು ಬಂದು ನಿಂತಿತು. ಗಿರಿಜ ಇಳಿದಳು. ಒಂದು ಕಾಲಿನಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ನನ್ನದು. ಮುಖ ಬಿಳುಚಿಕೊಂಡಿತ್ತು. ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ಅದೇ ಆತ್ಮೀಯರು, ಅದೇ ಕ್ಷೇಮ. ಅದರ ಕೆಳಗೆ ನಾನು ಬಿದ್ದ ಜಾಗದ ಹೆಸರು: ರುದ್ರಭೂಮಿ ರಸ್ತೆ.

“ನೋಡಕ್ಕೆ ಬತ್ತಿದೀನೋ ಕಳಿಸಕ್ಕೆ ಬತ್ತಿದೀನೋ ಅಂತ ದಾರಿ ಪೂರ್ತಿ ಗೊತ್ತಾಗ್ಲಿಲ್ಲ ಕಣ್ರೀ” ಎಂದು ಆ ಕಟ್ಟೆಯ ಮೇಲೆ ಕುಸಿದು ಕೂತಳು. ನನ್ನ ಸೋಡಾ ಅವಳಿಗೆ ಕೊಟ್ಟೆ. ಸಂಜೆ ಮನೆಯಲ್ಲಿ ಅವಳು ತೀರ್ಪು ಕೊಟ್ಟಳು: ಇನ್ನೊಂದು ಸಲ ಆ ಮೆಸೇಜು ಬಂದರೆ ಗಾಡಿ ಮಾರಿ ಬಸ್ಸಿಗೆ ಹೋಗಬೇಕು, ತನ್ನ ಎದೆ ತಡೆಯುವುದಿಲ್ಲ.

ಈಗ ನನ್ನ ನೀಚತನ ಕೇಳಿ. ಆ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಮೆಸೇಜು ಬಂದರೆ ಎಂದಳಲ್ಲ, ಬಿದ್ದರೆ ಎನ್ನಲಿಲ್ಲವಲ್ಲ? ಗಾಡಿಯನ್ನು ಬಿಡಲು ನನ್ನಿಂದಾಗುತ್ತಿರಲಿಲ್ಲ. ಬೆಳಗಿನ ತಂಪಿನಲ್ಲಿ ಸದ್ದಿಲ್ಲದೆ ಹಳೇಬೀಡಿನ ಕೆರೆಯ ಕಡೆಗೆ ತೇಲಿಕೊಂಡು ಹೋಗುವಾಗ ನನ್ನ ವಯಸ್ಸು ನನಗೇ ಮರೆತುಹೋಗುತ್ತಿತ್ತು. ಬಸ್ಸಿನಲ್ಲಿ ಅದನ್ನು ಮರೆಯಲು ಯಾರು ಬಿಡುತ್ತಾರೆ? ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಪದ್ಮ ಮೇಡಂ ಹತ್ತಿರ ಕೂತು, ಆಪತ್ತಿನ ನಂಬರು ಬದಲಾಯಿಸುವುದು ಹೇಗೆಂದು ಕೇಳಿದೆ. ಯಾರ ನಂಬರು ಹಾಕಲಿ ಸಾರ್ ಎಂದರು. ಯೋಚಿಸಿ ನೋಡಿದೆ. ನಾನು ಬಿದ್ದೆ ಎಂದು ತಿಳಿಸಬಹುದಾದವರು, ತಿಳಿದರೂ ಬೈಯದವರು, ಬೇರೆ ಯಾರಿಗೂ ಹೇಳದವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ನನ್ನದೇ ನಂಬರು ಹಾಕಿಸಿದೆ. ಪದ್ಮ ಮೇಡಂ ಮೊಬೈಲನ್ನು ನನ್ನ ಕೈಗೆ ವಾಪಸು ಕೊಡುತ್ತಾ, ನಿಮ್ಮಿಷ್ಟ ಎಂದರು.

ಹತ್ತು ದಿನ ಸುಖವಾಗಿದ್ದೆ. ಎರಡು ಸಲ ಬಿದ್ದೆ, ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗಿರಿಜ ಕೂಡ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಒಂದು ದಿನ ಪಾಯಸವನ್ನೂ ಮಾಡಿದಳು. ಹನ್ನೊಂದನೆಯ ಸಂಜೆ ಸ್ಕೂಲು ಬಿಟ್ಟು ಬರುತ್ತಿದ್ದಾಗ ಎದುರಿನಿಂದ ಬಸ್ಸು ಬಂತು. ಕಿಟಕಿಯಲ್ಲಿ ನಮ್ಮ ನಿವೃತ್ತ ಹೆಡ್ಮೇಷ್ಟ್ರು ರಾಮಣ್ಣನವರು ಕೂತಿದ್ದರು. ನನ್ನನ್ನು ಕಂಡು ಕೈಯೆತ್ತಿದರು. ಅವರು ಒಂದು ಕೈ ಎತ್ತಬಹುದು, ಹಿರಿಯರು. ನಾನು ರಸ್ತೆಯ ಅಂಚಿಗೆ ನಿಲ್ಲಿಸಿ ಎರಡೂ ಕೈ ಜೋಡಿಸಿದೆ. ಬಸ್ಸು ಹೋಯಿತು, ಅಂಚು ಕುಸಿಯಿತು, ನಾನು ಚರಂಡಿಯಲ್ಲಿ, ಎಡಗಾಲಿನ ಮೇಲೆ ಗಾಡಿ. ಎಳೆದುಕೊಳ್ಳಲು ಆಗಲಿಲ್ಲ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಒಂದು ಎಮ್ಮೆ ಇತ್ತು, ಅದೂ ಮುಖ ತಿರುಗಿಸಿಕೊಂಡಿತು. ಆಗ ನನ್ನ ಅಂಗಿಯ ಜೇಬು ಟಣ್ಣೆಂದಿತು. ‘ಗಂಗಾಧರಯ್ಯ ಅವರೇ, ನಿಮ್ಮ ಆತ್ಮೀಯರ ವಾಹನ ಬಿದ್ದಂತೆ ಕಾಣುತ್ತಿದೆ. ಅವರು ಕ್ಷೇಮವೇ ಎಂದು ಕೂಡಲೇ ವಿಚಾರಿಸಿ.’ ಕೆಳಗೆ ಒಂದು ಹಸಿರು ಗುಂಡಿ. ನೋವಿನಲ್ಲಿ ಬುದ್ಧಿ ಎಲ್ಲಿತ್ತೋ, ಒತ್ತಿಬಿಟ್ಟೆ. ನೀವು ಕರೆ ಮಾಡುತ್ತಿರುವವರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ ಎಂದು ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಹೇಳಿದಳು. ನನ್ನನ್ನು ವಿಚಾರಿಸಬೇಕಾದ ಒಬ್ಬನೇ ಒಬ್ಬ ಮನುಷ್ಯನೂ ಬಿಜಿ. ಮೊದಲು ನಗು ಬಂತು. ಆಮೇಲೆ ಅಳು ಬಂತು, ಮುಚ್ಚುಮರೆ ಏಕೆ. ಚಪ್ಪಲಿ ಅದಲುಬದಲು ಮಾಡಿಕೊಂಡು ಓಡಿಬರುವ ಜೀವವೊಂದನ್ನು ನನ್ನ ಕೈಯಾರೆ ಅಳಿಸಿ ಹಾಕಿದ್ದೆನಲ್ಲ.

ಗಿರಿಜಳಿಗೆ ಫೋನು ಮಾಡಿ, ಬಿದ್ದೆ ಕಣೇ ಎಂದೆ. “ಇಲ್ವಲ್ಲ, ಮೆಸೇಜೇ ಬಂದಿಲ್ಲ” ಎಂದಳು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಗಂಡನ ಮಾತಿಗಿಂತ ಆ ಮೆಸೇಜಿನ ಮೇಲೆ ಅವಳಿಗೆ ಹೆಚ್ಚು ನಂಬಿಕೆ. ನಂಬರಿನ ವಿಷಯ ಎಲ್ಲ ಒಪ್ಪಿಕೊಂಡೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಿದ್ದ ಜಾಗವನ್ನಷ್ಟೇ ಕೇಳಿಕೊಂಡು, ಅಲ್ಲೇ ಇರಿ, ಬತ್ತೀನಿ ಎಂದಳು. ಕಾಲು ಗಾಡಿಯ ಕೆಳಗಿದ್ದದ್ದರಿಂದ ಅಲ್ಲೇ ಇದ್ದೆ.

ಆಟೋ ಬಂತು. ಈ ಸಲ ಗಿರಿಜಳ ಕಾಲಿನಲ್ಲಿ ಚಪ್ಪಲಿಯೇ ಇರಲಿಲ್ಲ. ಆಟೋದವನು ಗಾಡಿ ಎತ್ತಿ ಸುತ್ತ ನೋಡಿ, ಏನೂ ಆಗಿಲ್ಲ ಸಾರ್ ಎಂದ. ಅವಳು ಮಾತ್ರ ಚರಂಡಿಗೇ ಇಳಿದು ನನ್ನ ಕಾಲನ್ನು ಹಿಡಿದು, ಮುಟ್ಟಿ, ಮಡಚಿ, ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ನನ್ನ ಮೊಬೈಲು ಕಿತ್ತುಕೊಂಡು, ಹಾಕಿ ನನ್ನ ನಂಬರು ಎಂದಳು. ರಸ್ತೆಯ ಅಂಚಿನಲ್ಲೇ ನಿಂತು ಹಾಕಿದೆ. ಗಾಡಿಯ ಗುಂಡಿ ಒತ್ತಿ ನೋಡಿದೆ. ದೀಪ ಹೊತ್ತಿತು, ಹೊತ್ತದೆ ಏನು. ಅದರ ಪಕ್ಕದಲ್ಲಿ ಹ್ಯಾಂಡಲ್ಲು ಹಿಡಿದುಕೊಂಡು ಕುಂಟುಗಾಲಿನಲ್ಲಿ ನಿಂತೆ. ಗಿರಿಜ ಎದುರಿಗೆ, ಬರಿಗಾಲು, ಸೀರೆಯ ಅಂಚೆಲ್ಲ ಕೆಸರು. “ಬೀಳದೇನೋ ಬೀಳ್ತೀರ, ಗೊತ್ತಿರದೇ. ನಂಗೆ ಗೊತ್ತಾಗ್ದಂಗೆ ಬೀಳಬ್ಯಾಡಿ” ಎಂದಳು. ಮದುವೆಯಾದ ಮೇಲೆ ಊರಿನವರಿಗೆಲ್ಲ ಮಾಡಿ ಅವಳಿಗೊಬ್ಬಳಿಗೆ ಎಂದೂ ಮಾಡದಿದ್ದ ಕೆಲಸವೊಂದನ್ನು ಆಗ ಮಾಡಿದೆ. ತಪ್ಪಾಯಿತು ಎನ್ನುತ್ತಾ ಅವಳಿಗೆ ಕೈ ಮುಗಿದೆ.

ಎರಡೂ ಕೈ. ಗಾಡಿ ಅವಳ ಪಾದದ ಹತ್ತಿರ ಉರುಳಿತು, ನಾನು ಅದರ ಮೇಲೆ. ಗಿರಿಜಳ ಮೊಬೈಲು ಟಣ್ಣೆಂದಿತು. ಅವಳು ಸೆರಗಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಪೂರ್ತಿ ಓದಿ, ಮೊದಲ ಸಲ ಅದು ಹೇಳಿದ ಹಾಗೆಯೇ ಕೇಳಿದಳು: “ಕ್ಷೇಮವೇ?”

ಮೆಸೇಜು ಬಂತಲ್ಲ, ತೀರ್ಪಿನ ಪ್ರಕಾರ ಗಾಡಿ ಈಗ ಮಾರಾಟಕ್ಕೆಂದು ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿದೆ. ಕೊಳ್ಳಲು ಬಂದವರು ಬಗ್ಗಿ ನೋಡಿ, ಒಂದ್ಸಲಾನೂ ಬಿದ್ದಿಲ್ಲ ಅಲ್ವಾ ಸಾರ್ ಇದು ಎನ್ನುತ್ತಾರೆ. ಕೋಲು ಊರಿಕೊಂಡು ನಿಂತ ನಾನು ಏನೆಂದು ಹೇಳಲಿ? ನಾನೀಗ ಬಸ್ಸಿನವನು. ಅಪ್ಪ ಹೇಳಿದಂತೆ ಒಂದೇ ಕೈ ಎತ್ತಿ ನಿಲ್ಲಿಸುತ್ತೇನೆ. ಆದರೆ ನಿನ್ನೆ ಅದೇ ಬಸ್ಸಿಗೆ ರಾಮಣ್ಣನವರು ಹತ್ತಿದರು. ಕಂಬಿ ಬಿಟ್ಟು ಎರಡೂ ಕೈ ಜೋಡಿಸಿದೆ, ಡ್ರೈವರು ಬ್ರೇಕು ಹಾಕಿದ, ನಾನು ಯಾರದೋ ಮೂಲಂಗಿ ಕುಕ್ಕೆಯ ಮೇಲೆ ಹೋಗಿ ಕೂತೆ. ಬಸ್ಸಿನಲ್ಲಿ ಬಿದ್ದರೆ ಮೆಸೇಜು ಹೋಗುವುದಿಲ್ಲ. ಅದಕ್ಕೇ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ಎಲ್ಲಿ ಬಿದ್ದೆ, ಹೇಗೆ ಬಿದ್ದೆ ಎಂದು ನಾನೇ ಹೇಳಿಬಿಡುತ್ತೇನೆ.